ತಂತಿ ತಗದ ಮ್ಯಾಲಿನ ಕಥಿ

ಹಬ್ಬದ ಗದ್ದಲದಾಗ ಬರಿಯೋದು ಹಿಂದ ಬಿದ್ದಿತ್ತು. ಹೋದ ವಾರ ತಂಗಿ ಮಗಳು ಫೋನ್ ಮಾಡಿದ್ಲು. ಎರಡು ವರ್ಷದಿಂದ ಆಕಿ ಹಲ್ಲಿಗೆ ತಂತಿ ಇತ್ತಲ್ಲ, ಅದನ್ನ ತಗದಾರ. ಫೋಟೋ ನೀವೆಲ್ಲಾರೂ ನೋಡೇ ಇರ್ತೀರಿ. ಭಾಳ ಛಂದ ನಕ್ಕಾಳ. ಆದ್ರ ಫೋನಿನ್ಯಾಗ ಆಕಿ ದನಿ ಸಪ್ಪಗಿತ್ತು.

"ಮೌಶಿ, ತಂತಿ ಹೋತು ಅಂತ ಖುಷಿ ಪಟ್ರ, ಅದರ ಬದಲಿ ಇನ್ನೊಂದು ಕೊಟ್ಟಾರ. ರಿಟೇನರ್ ಅಂತ. ಊಟಾ ಬಿಟ್ಟು ಹಗಲೂ ರಾತ್ರಿ ಹಾಕ್ಕೋ ಅಂತಾರ. ಹಲ್ಲು ನೆಟ್ಟಗ ಆದ್ವಲ್ಲ, ಇನ್ನ್ಯಾಕ ಇದು?"

"ಇನ್ನ್ಯಾಕ ಇದು" ಅನ್ನೋ ಮಾತು ಕೇಳಿ ನನ್ನ ಎದಿ ಧಸಕ್ ಅಂತು. ಯಾಕಂದ್ರ ಇದೇ ಮಾತು 2009ರಾಗ ನಮ್ಮ ಮನಿಯೊಳಗ ಒಬ್ಬರು ಆಡಿದ್ರು. ಯಾರು ಅಂತ ಕಡೀಕೆ ಹೇಳ್ತೀನಿ.

ಆ ಕಥಿ ನಿಮಗೆಲ್ಲಾ ಗೊತ್ತಿದ್ದದ್ದ. ನನ್ನ ಮಗಳಿಗೆ ಉಬ್ಬಹಲ್ಲು ಇದ್ವು. ಒಂಬತ್ತನೇತ್ತಾ ಇದ್ದಾಗ ನನ್ನ ಭಿಶಿ ರೊಕ್ಕ ಎತ್ತಿ ತಂತಿ ಹಾಕಿಸಿದ್ವಿ. ಎರಡು ವರ್ಷ ಪಾಪ ಚಕ್ಕುಲಿ ತಿನ್ನಲಿಲ್ಲ, ಪೇರಲ ಕಚ್ಚಲಿಲ್ಲ. ತಂತಿ ತಗದು ನಾಲ್ಕು ತಿಂಗಳಾಗಿತ್ತು, ಮೈದುನನ ಲಗ್ನ ಬಂತು. ಪಂಕ್ತಿಗೆ ಕೂತಾಗ ಆಕಿ ರಿಟೇನರ್ ತಗದು ಕಾಗದದಾಗ ಸುತ್ತಿ ಎಲಿ ಅಂಚಿನ ಕೆಳಗ ಇಟ್ಕೊಂಡ್ಲು. ಊಟಾ ಮುಗೀತು, ಎಲಿ ತಗದ್ರು, ಅದೂ ಹೋತು. ಕಾರ್ಯಾಲಯದ ಹಿಂದ ಎಂಜಲ ಎಲಿ ರಾಶಿಯೊಳಗ ನಾವು ಮೂರು ಮಂದಿ ಹೆಂಗಸರು ರೇಶಿಮಿ ಸೀರಿ ಮ್ಯಾಲೆತ್ತಿ ಕಟ್ಟಿ ಹುಡುಕಿದ್ದು, ಅಡಗಿಯವರು ಬಂಗಾರ ಕಳದದ ಅಂತ ತಿಳಕೊಂಡು ತಾವೂ ಕೈ ಹಾಕಿದ್ದು, ಎಲ್ಲಾ ನೀವು ಕೇಳಿ ಕೇಳಿ ನಕ್ಕೀರಿ. "ಎಲಿ ಜೋಡಿ ಹಲ್ಲು ಹೋದ ಹುಡುಗಿ" ಅಂತ ಆಕಿಗೆ ಹೆಸರೂ ಇಟ್ಟೀರಿ.

ಐದು ವರ್ಷದಾಗ ಆಕಿ ಮುಂದಿನ ಹಲ್ಲು ಒಂದರ ಮ್ಯಾಲೊಂದು ಏರಿದ್ವು. ಈಗೂ ನಗೋ ಮುಂದ ಬಾಯಿಗೆ ಕೈ ಅಡ್ಡ ಬರ್ತದ. ನೀವು ನೋಡೀರಿ.

ನಾನು ಮೂವತ್ತು ವರ್ಷ ಸಾಲಿಯೊಳಗ ಇತಿಹಾಸ ಕಲಿಸಿದಾಕಿ. ರಿಟೈರ್ ಆದ ಮ್ಯಾಲೂ ಆ ಚಟ ಬಿಟ್ಟಿಲ್ಲ. ತಂಗಿ ಮಗಳಿಗೆ ಡಾಕ್ಟರ್ ಹೇಳಿದ್ದನ್ನ ಹೇಳಿ ಮುಗಿಸಬಹುದಿತ್ತು. ಆದ್ರ "ಯಾಕ" ಅಂತ ಕೇಳಿದ ಹುಡುಗಿಗೆ "ಹಾಕ್ಕೋ ಅಂದ್ರ ಹಾಕ್ಕೋ" ಅನ್ನಲಿಕ್ಕೆ ಮನಸ್ಸು ಬರಲಿಲ್ಲ. ಈ ರಿಟೇನರ್ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. ಓದಿದ್ದನ್ನ ನಿಮ್ಮ ಮುಂದೂ ಇಡ್ತೀನಿ. ನಿಮ್ಮ ಮನಿಯೊಳಗೂ ಈಗ ತಂತಿ ಹಾಕ್ಕೊಂಡ ಮಕ್ಕಳು ಅವ.

ನಾವು ಸಣ್ಣವರಿದ್ದಾಗ ಹಾಲುಹಲ್ಲು ಬಿದ್ರ ಸಗಣಿ ಉಂಡಿಯೊಳಗ ಇಟ್ಟು ಮಾಳಿಗಿ ಮ್ಯಾಲೆ ಒಗೀತಿದ್ವಿ. "ಆ ಸಂದಿಗೆ ನಾಲಗಿ ಹಚ್ಚಬ್ಯಾಡ, ಹಲ್ಲು ಸೊಟ್ಟ ಬರ್ತಾವ" ಅಂತ ಅಜ್ಜಿ ಬೈತಿದ್ಲು. ಒತ್ತಿದ್ರ ಹಲ್ಲು ಸರೀತಾವ ಅನ್ನೋದು ಮಂದಿಗೆ ಭಾಳ ಹಿಂದಿಂದ ಗೊತ್ತದ. ರೋಮ್ ದೇಶದೊಳಗ ಎರಡು ಸಾವಿರ ವರ್ಷದ ಹಿಂದ ಸೆಲ್ಸಸ್ ಅನ್ನಾಂವ ವೈದ್ಯದ ದೊಡ್ಡ ಪುಸ್ತಕ ಬರದ. ಹಾಲುಹಲ್ಲು ಬೀಳೋಕಿಂತ ಮೊದಲ ಹೊಸಾ ಹಲ್ಲು ಬಂದ್ರ, ಹಾಲುಹಲ್ಲು ಕಿತ್ತು, ಹೊಸಾ ಹಲ್ಲನ್ನ ಅದರ ಜಾಗಕ್ಕ ಬರೋ ತನಕಾ ದಿನಾ ಬೆರಳಿಂದ ಒತ್ತಬೇಕು ಅಂತ ಅದರಾಗ ಅದ. ದಿನಾ ಅಂದ್ರ ದಿನಾ. ವೈದ್ಯ ಏನು ದಿನಾ ಮನಿಗೆ ಬಂದು ಒತ್ತಿದ್ನೇನು? ಯಾರೋ ತಾಯಿ, ಯಾರೋ ಅಜ್ಜಿ ಒತ್ತಿರಬೇಕು ಅಂತ ನನಗ ಅನಸ್ತದ.

ಆಮ್ಯಾಲೆ 1728ಕ್ಕ ಬರ್ರಿ. ಫ್ರಾನ್ಸಿನ ಪಿಯೇರ್ ಫೋಶಾರ್ ಹಲ್ಲಿನ ವೈದ್ಯದ ಮ್ಯಾಲೆ ಎರಡು ಭಾಗದ ಪುಸ್ತಕ ಪ್ರಕಟ ಮಾಡಿದ. ಈಗಿನ ಹಲ್ಲಿನ ಡಾಕ್ಟರಮಂದಿ ಅವನನ್ನ ತಮ್ಮ ಮೂಲಪುರುಷ ಅಂತಾರ. ಕುದರಿ ಲಾಳದಂಗ ಬಾಗಿಸಿದ ಬಂಗಾರ ಇಲ್ಲಾ ಬೆಳ್ಳಿ ಪಟ್ಟಿ, ಅದರಾಗ ತೂತು. ಆ ತೂತಿನೊಳಗಿಂದ ದಾರ ಪೋಣಿಸಿ ಸೊಟ್ಟ ಹಲ್ಲನ್ನ ಪಟ್ಟಿಗೆ ಕಟ್ಟತಿದ್ದ. ದಾರ ಬಿಗಿ ಆದಂಗ ಹಲ್ಲು ಪಟ್ಟಿ ಕಡೆ ಸರೀತಿತ್ತು. ಒಮ್ಮೊಮ್ಮೆ ಅಷ್ಟು ತಡಿಯೋದು ಬ್ಯಾಡ ಅಂತ ಇಕ್ಕಳದಿಂದ ಹಲ್ಲನ್ನ ಒಮ್ಮೆಲೇ ತಿರುವಿ ನೆಟ್ಟಗ ನಿಲ್ಲಸ್ತಿದ್ದ. ನನಗ ಓದಿದ್ರ ಮೈ ಝುಂ ಅಂತದ. ಆದ್ರ ಮುಂದಿನ ಮಾತು ನೋಡ್ರಿ. ಹಂಗ ತಿರುವಿದ ಹಲ್ಲನ್ನ ಅಷ್ಟಕ್ಕ ಬಿಡ್ತಿರಲಿಲ್ಲ. ಗಟ್ಟಿ ಆಗೋ ತನಕಾ ದಾರದಿಂದ ಬಾಜೂ ಹಲ್ಲಿಗೆ ಕಟ್ಟಿ ಇಡ್ತಿದ್ದ. ಬಿಟ್ರ ಓಡಿಹೋಗ್ತದ ಅಂತ ಅವನಿಗೆ ಗೊತ್ತಿತ್ತು. ರಿಟೇನರಿನ ಕೆಲಸ ಅಂದ್ರ ಅದ, ಹೆಸರು ಮಾತ್ರ ಆವಾಗ ಇರಲಿಲ್ಲ.

ಹಲ್ಲು ನೆಟ್ಟಗ ಮಾಡೋದನ್ನ ಒಂದು ಬ್ಯಾರೆ ವಿದ್ಯಾ ಅಂತ ನಿಲ್ಲಿಸಿದಾಂವ ಅಮೆರಿಕಾದ ಎಡ್ವರ್ಡ್ ಆಂಗಲ್. ಸೊಟ್ಟ ಹಲ್ಲು ಎಷ್ಟು ನಮೂನಿ ಅಂತ 1899ರಾಗ ಅಂವ ಮಾಡಿದ ಮೂರು ವರ್ಗಾನ ಇವತ್ತಿಗೂ ಡಾಕ್ಟರ್ ಚೀಟಿ ಮ್ಯಾಲೆ ಬರೀತಾರ. ನಿಮ್ಮ ಮಕ್ಕಳ ಫೈಲಿನ್ಯಾಗ "ಕ್ಲಾಸ್ ಟೂ" ಅಂತ ಇದ್ರ, ಅದು ಸಾಲಿ ಕ್ಲಾಸಲ್ಲ, ಆಂಗಲನ ಕ್ಲಾಸು. 1900ರಾಗ ಸೇಂಟ್ ಲೂಯಿಸ್ ಊರೊಳಗ ಇದಕ್ಕಂತನ ಸಾಲಿ ತಗದ. ಅವನ ಹೆಂಡತಿ ಆನಾ ಹಾಪ್ಕಿನ್ಸ್, ತಾನೂ ಹಲ್ಲಿನ ಡಾಕ್ಟರಕಿ ಕಲ್ತಾಕಿ, ಅವನ ಕೆಲಸದಾಗ ಜೋಡಿ ಇದ್ಲು. ಶಿಷ್ಯರು ಆಕಿಗೆ "ಮದರ್ ಆಂಗಲ್" ಅಂತಿದ್ರು.

ಆಂಗಲನ ಒಂದು ಹಟ ಇತ್ತು. ಯಾವ ಹಲ್ಲೂ ಕೀಳಬಾರದು. ಎಲ್ಲಾ ಮೂವತ್ತೆರಡನ್ನೂ ಸಾಲಿನ್ಯಾಗ ಕೂಡಿಸಿ, ಮ್ಯಾಲಿನ ಹಲ್ಲು ಕೆಳಗಿನದಕ್ಕ ಸರಿಯಾಗಿ ಕೂತ್ರ ಅವು ತಾವ ನಿಲ್ತಾವ ಅಂತ. ಕೇಳಲಿಕ್ಕೆ ಭಾಳ ಛಂದ. ಆದ್ರ ಅವನ ಶಿಷ್ಯ ಚಾರ್ಲ್ಸ್ ಟ್ವೀಡ್, ಅರಿಝೋನಾದಾಂವ, ಗುರು ಹೇಳಿಧಂಗ ಮಾಡಿ, ಕೆಲವು ವರ್ಷ ಬಿಟ್ಟು ತನ್ನ ರೋಗಿಗಳನ್ನ ಕರದು ನೋಡಿದ. ಎಷ್ಟೋ ಮಂದಿ ಹಲ್ಲು ತಿರುಗಿ ಕೆಟ್ಟಿದ್ವು. ಅಂವ ಮುಚ್ಚಿ ಇಡಲಿಲ್ಲ. ತನ್ನವ ಕೇಸು ತಿರುಗಿ ತಗೊಂಡು, ನಾಲ್ಕು ಹಲ್ಲು ಕಿತ್ತು ಜಾಗಾ ಮಾಡಿ, ಮತ್ತ ನೆಟ್ಟಗ ಮಾಡಿ, 1940ರಾಗ ನೂರು ಕೇಸು ದೊಡ್ಡ ಸಭಾದಾಗ ಎಲ್ಲರ ಮುಂದ ಇಟ್ಟ. ಗುರುವಿನ ಮಾತು ಮೀರೋದು, ಅದಕ್ಕಿಂತ ಹೆಚ್ಚು, ತಾ ಮಾಡಿದ್ದು ಕೆಟ್ಟದ ಅಂತ ತಾನ ಹೇಳೋದು. ಈ ಮನಷ್ಯಾನ ನೆನಪ ಇಟ್ಕೋರಿ.

ಈಗ ರಿಟೇನರಿಗೆ ಬರೋಣ. ಅಂಗುಳಿಗೆ ಕೂಡೋ ಗುಲಾಬಿ ಬಣ್ಣದ ಬಿಲ್ಲಿ, ಮುಂದಿನ ಹಲ್ಲಿನ ಮ್ಯಾಲೆ ಒಂದು ತಂತಿ, ಹಿಂದಿನ ದವಡಿಹಲ್ಲಿಗೆ ಎರಡು ಕೊಂಡಿ. ನನ್ನ ಮಗಳದ್ದು ಎಲಿ ಜೋಡಿ ಹೋದದ್ದು ಇಂಥಾದ್ದ. ಇದಕ್ಕ ಹಾಲೀ ರಿಟೇನರ್ ಅಂತಾರ. ವಾಷಿಂಗ್ಟನ್ ಊರಿನ ಚಾರ್ಲ್ಸ್ ಹಾಲೀ 1919ರಾಗ ಇದರ ಬಗ್ಗೆ ಬರದು ಪ್ರಕಟ ಮಾಡಿದ. ಅದಕ್ಕಿಂತ ಮೊದಲ ಹಲ್ಲು ಹಿಡಿದಿಡಲಿಕ್ಕೆ ಪಟ್ಟಿ, ಕಡ್ಡಿ ಬಾಯಾಗ ಅಂಟಿಸೇ ಇಡ್ತಿದ್ರು. ತಗಿಯೋಹಂಗಿಲ್ಲ, ತೊಳಿಯೋಹಂಗಿಲ್ಲ. ಹಾಲೀ ಮಾಡಿದ್ದು ತಗದು, ತೊಳದು, ಮತ್ತ ಹಾಕ್ಕೊಳ್ಳೋ ಅಂಥಾದ್ದು. ನೂರು ವರ್ಷ ದಾಟೇದ, ಅದರ ಆಕಾರ ಹೆಚ್ಚೂಕಡಿಮಿ ಹಂಗ ಅದ. ನಮ್ಮ ಮನಿಯೊಳಗ ನೂರು ವರ್ಷ ಆಕಾರ ಬದಲಾಗದ್ದು ಅಂದ್ರ ಶಾವಿಗಿ ಮಣಿ ಒಂದ ಇರಬೇಕು.

ಆ ಹಾಲೀ ಬಗ್ಗೆ ಹಲ್ಲಿನ ಡಾಕ್ಟರಮಂದಿಯೊಳಗ ಒಂದು ಮಾತು ಅದ. ನಾ ನೆಟ್ಟಗ ಮಾಡಿದ ಹಲ್ಲನ್ನ ಮುಂದ ಹಂಗ ಉಳಿಸೋ ಜವಾಬ್ದಾರಿ ಯಾರರ ತಗೊಂಡ್ರ ನನ್ನ ಫೀ ಅರ್ಧಾ ಕೊಡ್ತೀನಿ ಅಂತ ಅಂವ ಅಂದಿದ್ನಂತ. ರಿಟೇನರ್ ಮಾಡಿದವನ ಮಾತೇ ಹಿಂಗಿದ್ದ ಮ್ಯಾಲೆ ನಮ್ಮದೇನು.

ಈ ಬಿಲ್ಲಿ ಯಾತರದ್ದು ಅನ್ನೋದಕ್ಕೂ ಒಂದು ಕಥಿ ಅದ. ಮೊದಲ ಇದು ಗಟ್ಟಿ ರಬ್ಬರಿನದು, ವಲ್ಕನೈಟ್ ಅಂತಿದ್ರು. ಗುಡಿಯರ್ ಅನ್ನಾಂವ ರಬ್ಬರಿಗೆ ಗಂಧಕ ಕೂಡಿಸಿ ಕಾಯಿಸಿದ್ರ ಗಟ್ಟಿ ಆಗ್ತದ ಅಂತ ಕಂಡುಹಿಡಿದ. ಅದರಿಂದ ಕಟ್ಟುಹಲ್ಲು ಸೋವಿ ಆದ್ವು. ಅಮೆರಿಕಾದೊಳಗ ಆ ರಬ್ಬರಿನ ಹಕ್ಕು ಇಟ್ಕೊಂಡ ಕಂಪನಿಯ ಖಜಾಂಚಿ ಜೋಸಾಯಾ ಬೇಕನ್, ರೊಕ್ಕ ಕೊಡದ ಹಲ್ಲಿನ ಡಾಕ್ಟರಗಳನ್ನ ಊರೂರು ಬೆನ್ನು ಹತ್ತಿ ಕೋರ್ಟಿಗೆ ಎಳೀತಿದ್ದ. 1879ರಾಗ ಸ್ಯಾನ್ ಫ್ರಾನ್ಸಿಸ್ಕೋದೊಳಗ ಅಂಥಾ ಒಬ್ಬ ಡಾಕ್ಟರ್, ಸ್ಯಾಮ್ಯುಯೆಲ್ ಚಾಲ್ಫಂಟ್, ಬೇಕನ್ನನಿಗೆ ಗುಂಡು ಹಾಕಿ ಕೊಂದ. ಬಾಯಾಗಿನ ಬಿಲ್ಲಿ ಸಲುವಾಗಿ ಒಂದು ಜೀವ ಹೋತು.

ಆ ರಬ್ಬರಿನದೊಂದು ತ್ರಾಸ ಇತ್ತು. ಜೊಲ್ಲು ಹೀರಿಕೊಂಡು ಒಳಗ ಹೊಲಸು ಹಿಡೀತಿತ್ತು. 1930ರ ದಶಕದ ಕಡೀಕೆ ಅಕ್ರಿಲಿಕ್ ಬಂತು, ರಬ್ಬರ್ ಹಿಂದ ಸರೀತು. ಅದೇ ಸುಮಾರಿನ್ಯಾಗ ಬಂಗಾರದ ತಂತಿ ಜಾಗಕ್ಕ ಸ್ಟೀಲ್ ತಂತಿ ಬಂತು. ಬಂಗಾರ ಹೋಗಿ ಸ್ಟೀಲ್ ಬಂದದ್ದಕ್ಕ ನಮ್ಮಂಥಾವರ ಮಕ್ಕಳಿಗೂ ಇದು ಎಟುಕಿತು.

ನಮ್ಮ ಕಡೆ ಬರಲಿಕ್ಕೆ ಇನ್ನೂ ತಡಾ ಆತು. ಭಾರತದಾಗ ಮೊದಲನೇ ಹಲ್ಲಿನ ಕಾಲೇಜು ಕಲಕತ್ತಾದೊಳಗ 1920ರಾಗ ಡಾಕ್ಟರ್ ರಫಿಯುದ್ದೀನ್ ಅಹಮದ್ ತಗದ್ರು. ಬೆಂಗಳೂರಿನ ಸರಕಾರಿ ಕಾಲೇಜು 1958ರದ್ದು, ಮಣಿಪಾಲದ್ದು 1965ರದ್ದು. ಹಲ್ಲು ನೆಟ್ಟಗ ಮಾಡೋ ಡಾಕ್ಟರಗಳ ಸಂಘ, ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ, ಅದೂ 1965ರಾಗ ಹುಟ್ಟಿತು. ನಮ್ಮ ಧಾರವಾಡಕ್ಕ ಹಲ್ಲಿನ ಕಾಲೇಜು ಬಂದದ್ದು 1986ರಾಗ. ಅಷ್ಟೊತ್ತಿಗೆ ನನ್ನ ಲಗ್ನ ಆಗಿತ್ತು. ನಮ್ಮ ವಾರಗಿ ಹುಡುಗ್ಯಾರ ಉಬ್ಬಹಲ್ಲಿಗೆ ಇದ್ದ ಒಂದೇ ಔಷಧ ಅಂದ್ರ, ಹೆಣ್ಣು ನೋಡಲಿಕ್ಕೆ ಬಂದಾಗ "ಬಾಯಿ ಮುಚ್ಚಿಕೊಂಡು ಕೂಡು". ನೋಡ್ರಿ, ನನ್ನ ಮಗಳ ಕೈ ಬಾಯಿಗೆ ಹೋಗೋದು ಹೊಸಾದೇನಲ್ಲ.

ಹಂಗಾಗಿ ನಮಗ ತಂತಿ ಗೊತ್ತಾತು, ತಂತಿ ತಗದ ಮ್ಯಾಲೆ ಏನು ಅನ್ನೋದು ಗೊತ್ತಾಗಲಿಲ್ಲ. ಈಗ ಹುಡುಗಿ ಕೇಳಿದ "ಇನ್ನ್ಯಾಕ" ಅನ್ನೋದಕ್ಕ ಉತ್ತರ.

ಹಲ್ಲು ದವಡಿ ಎಲುಬಿನ್ಯಾಗ ಮೊಳಿ ಹೊಡದಂಗ ಕೂತಿರೋದಿಲ್ಲ. ಸುತ್ತೂಕಡೆ ಸಣ್ಣ ಸಣ್ಣ ನಾರು ಹಲ್ಲನ್ನ ಎಲುಬಿಗೂ ಒಸಡಿಗೂ ಕಟ್ಟಿರ್ತಾವ. ತಂತಿ ಎಳದಾಗ ಮುಂದಿನ ಎಲುಬು ಕರಗ್ತದ, ಹಿಂದ ಹೊಸಾ ಎಲುಬು ತುಂಬ್ತದ, ಹಲ್ಲು ಸರೀತದ. ಎಲುಬು ತುಂಬಿಕೊಂಡ್ರೂ ಆ ಒಸಡಿನ ನಾರು ಮಾತ್ರ ಎಳಕೊಂಡ ಇರ್ತಾವ. ನಾರ್ವೆಯ ಕೋರೆ ರೈಟನ್ ಅನ್ನೋ ವಿಜ್ಞಾನಿ 1959ರಾಗ ಇದನ್ನ ತೋರಿಸಿದ. ನಾಯಿಗಳ ಹಲ್ಲು ತಿರುವಿ, ಹಿಡಿದಿಟ್ಟು, ಆಮ್ಯಾಲೆ ಸೂಕ್ಷ್ಮದರ್ಶಕದಾಗ ನೋಡಿದ್ರ, 232 ದಿನ ಆದ ಮ್ಯಾಲೂ ಒಸಡಿನ ನಾರು ಹಳೇ ಜಾಗದ ಕಡೆ ಎಳಕೊಂಡ ಇದ್ವು. ಏಳು ತಿಂಗಳ ಮ್ಯಾಲಾತು! ಸಣ್ಣಾಗಿ ಬಿಗದು ಹಾಕಿದ ಜಡಿ ಬಿಚ್ಚಿದ ಮ್ಯಾಲೂ ಕೂದಲದಾಗ ಆ ಸುಕ್ಕು ಉಳೀತದಲ್ಲ, ಹಂಗ. ಕೂದಲಾ ಎರಕೊಂಡ್ರ ಸುಕ್ಕು ಹೋಗ್ತದ. ಹಲ್ಲಿನ ನಾರಿಗೆ ವರ್ಷದ ತನಕಾ ಬೇಕು. ನಮ್ಮ ಹುಡುಗಿದು ಕಳದದ್ದು ನಾಲ್ಕನೇ ತಿಂಗಳದಾಗ.

ವರ್ಷ ಆದ ಮ್ಯಾಲೆ ಮುಗೀತೇನು ಅಂದ್ರ, ಅದೂ ಇಲ್ಲ. ಸಿಯಾಟಲ್ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತ ಅವನ ಜೋಡಿದಾರರು, ತಂತಿ ಹಾಕಿಸಿಕೊಂಡು, ಆಮ್ಯಾಲೆ ರಿಟೇನರೂ ಬಿಟ್ಟ ಮಂದಿನ್ನ ವರ್ಷಗಟ್ಟಲೆ ಕರದು ಕರದು ಅಳದ್ರು. 1981ರಾಗ ಬರದದ್ದು 65 ಮಂದಿ ಲೆಕ್ಕ. ರಿಟೇನರ್ ಬಿಟ್ಟು ಹತ್ತು ವರ್ಷಕ್ಕ ಸುಮಾರು ಮೂರರಾಗ ಎರಡು ಪಾಲು ಮಂದಿ ಕೆಳಗಿನ ಮುಂದಿನ ಹಲ್ಲು ಕೆಟ್ಟಿದ್ವು. 1988ರಾಗ ಇಪ್ಪತ್ತು ವರ್ಷ ದಾಟಿದವರನ್ನ ನೋಡಿದ್ರು. ಸರಿ ಅನ್ನೋಹಂಗ ಉಳದದ್ದು ನೂರಕ್ಕ ಹತ್ತು ಮಂದಿದು. ಯಾರ ಹಲ್ಲು ಉಳೀತಾವ, ಯಾರದು ಕೆಡ್ತಾವ ಅಂತ ಮೊದಲ ಹೇಳಲಿಕ್ಕೂ ಬರಲಿಲ್ಲ ಅವರಿಗೆ. ಅಷ್ಟ ಅಲ್ಲ, ಜನ್ಮದಾಗ ತಂತಿ ಹಾಕ್ಕೊಳ್ಳದವರ ಹಲ್ಲೂ ವಯಸ್ಸಾದಂಗ ಸರೀತಾವ. ಕನ್ನಡಿಯೊಳಗ ನಿಮ್ಮ ಕೆಳಗಿನ ಹಲ್ಲು ನೋಡಿಕೊಳ್ರಿ, ಲಗ್ನದಾಗ ಇದ್ದಂಗ ಅವ ಏನು?

ಸಾಲಿಯೊಳಗ ನಾ ಹುಡುಗರಿಗೆ ಹೇಳ್ತಿದ್ದೆ. ಎರಡನೇ ಪುಲಿಕೇಶಿ ನರ್ಮದಾ ದಂಡಿಗೆ ಹರ್ಷನಂಥಾ ಹರ್ಷನನ್ನ ತಡದ. ಅದೇ ಪುಲಿಕೇಶಿ ಕಡೀಕೆ 642ರಾಗ ತನ್ನ ಬಾದಾಮಿ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ, ಪಲ್ಲವರ ಪಾಲಾತು. ಗೆಲ್ಲೋದು ಒಂದು ಕೆಲಸ, ಉಳಿಸಿಕೊಳ್ಳೋದು ಇನ್ನೊಂದು. ಪರೀಕ್ಷಾದಾಗ ಹುಡುಗರು ಗೆದ್ದ ಇಸವಿ ಬರಕೊಂಡು ಪಾಸ್ ಆಗ್ತಿದ್ರು. ನನ್ನ ಮಗಳ ಬಾಯಾಗ ನಾನೂ ಗೆದ್ದ ಇಸವಿ ಅಷ್ಟ ಬರಕೊಂಡು ಕೂತೆ.

ಈ ಉಳಿಸಿಕೊಳ್ಳೋ ಕೆಲಸಕ್ಕ ಈಗ ಮೂರು ನಮೂನಿ ಅವ. ಒಂದು ಆ ಹಾಲೀದ್ದು. ಎರಡನೇದ್ದು ಹಲ್ಲಿನ ಹಿಂದ ಅಂಟಿಸೋ ಸಣ್ಣ ತಂತಿ. ಇದಕ್ಕ ದಾರಿ ಮಾಡಿದಾಂವ ಅಮೆರಿಕಾದ ಮೈಕೆಲ್ ಬೊನೊಕೋರ್. ಲೋಹಕ್ಕ ಬಣ್ಣಾ ಕಚ್ಚಲಿ ಅಂತ ಕಾರಖಾನಿಯವರು ಮೊದಲ ಆಸಿಡ್ ಹಚ್ಚೋದನ್ನ ನೋಡಿ, ಹಲ್ಲಿಗೂ ಹಂಗ ಹಚ್ಚಿದ್ರ ಅಂಟು ನಿಲ್ತದ ಅಂತ 1955ರಾಗ ತೋರಿಸಿದ. ಮೂರನೇದ್ದು ತಂಗಿ ಮಗಳಿಗೆ ಕೊಟ್ಟ ಕಾಜಿನಂಗ ಕಾಣೋದು. 1971ರಾಗ ರಾಬರ್ಟ್ ಪೊನಿಟ್ಜ್ ಮೊದಲ ಇಂಥಾದ್ದರ ಬಗ್ಗೆ ಬರದ, 1993ರಾಗ ಜಾನ್ ಶೆರಿಡನ್ ತೆಳ್ಳಂದು ಮಾಡಿ ಎಲ್ಲಾ ಕಡೆ ಹಬ್ಬಿಸಿದ. ಪ್ಲಾಸ್ಟಿಕ್ ಹಾಳಿ ಕಾಯಿಸಿ ಮೆತ್ತಗ ಮಾಡಿ, ಹಲ್ಲಿನ ಅಚ್ಚಿನ ಮ್ಯಾಲೆ ಎಳದು ಕೂಡಸ್ತಾರ. ಇದನ್ನ ಯಾಕ ಬಿಡಿಸಿ ಹೇಳಿದೆ ಅಂದ್ರ, ಕಾವಿನಿಂದ ಆದದ್ದು ಕಾವಿನಿಂದ ಕೆಡ್ತದ. ನಾವು ಹೆಂಗಸರು ಏನರ ಸ್ವಚ್ಛ ಆಗಬೇಕು ಅಂದ್ರ ಮೊದಲ ಬಿಸಿನೀರು ಕುದಿಲಿಕ್ಕೆ ಇಡ್ತೀವಿ. ಇದಕ್ಕ ಇಡಬ್ಯಾಡ್ರಿ. ಕುದಿಯೋ ನೀರಿನ್ಯಾಗ ಹಾಕಿದ್ರ ಹಪ್ಪಳದಂಗ ಮುದುಡಿ, ಆಮ್ಯಾಲೆ ಹಲ್ಲಿಗೆ ಕೂಡೋದಿಲ್ಲ. ಬಿಸಲಾಗ ನಿಂತ ಕಾರಿನೊಳಗೂ ಬಿಡಬ್ಯಾಡ್ರಿ.

ತೊಳಿಯೋ ಮಾತು ಬಂತಲ್ಲ, ಅದಕ್ಕೂ ಇತಿಹಾಸ ಅದ. ಹಾಲೆಂಡಿನ ಡೆಲ್ಫ್ಟ್ ಊರಾಗ ಲೇವನ್‌ಹುಕ್ ಅಂತ ಒಬ್ಬ ಅರಿವಿ ಅಂಗಡಿಯಾಂವ ಇದ್ದ. ತಾನ ಕಾಜು ತಿಕ್ಕಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. ದಿನಾ ಮುಂಜಾನೆ ಉಪ್ಪು ಹಚ್ಚಿ ಹಲ್ಲು ತಿಕ್ಕೋ ಮನಷ್ಯಾ. ಆದ್ರೂ ಹಲ್ಲಿನ ಸಂದಿಯೊಳಗ ಹಿಟ್ಟಿನಂಗ ಬೆಳ್ಳಗ ಉಳೀತಿತ್ತು. ಅದನ್ನ ಕೆರದು ನೋಡಿದ್ರ ಜೀವ ಇದ್ದ ಸಣ್ಣ ಸಣ್ಣ ಹುಳಾ ಓಡ್ಯಾಡ್ತಿದ್ವು. 1683ರಾಗ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರದ. ಇಬ್ಬರು ಹೆಂಗಸರ ಬಾಯಾಗಿಂದೂ ತಗದು ನೋಡಿದ್ದ. ಅವರು ಅವನ ಹೆಂಡತಿ, ಮಗಳು ಇರಬೇಕು ಅಂತಾರ. ಆಮ್ಯಾಲೆ ವಿನೆಗರ್ ಹಾಕಿ ನೋಡಿದ. ಮ್ಯಾಲಿನ ಹುಳಾ ಸತ್ವು, ದಪ್ಪ ಪದರಿನ ಒಳಗಿನವಕ್ಕ ಅದು ಮುಟ್ಟಲಿಲ್ಲ.

ಮುನ್ನೂರು ವರ್ಷದ ಹಿಂದಿನ ಈ ಮಾತು ನಮಗ ಸಾಕು. ಮೊದಲ ತಿಕ್ಕಬೇಕು, ಆಮ್ಯಾಲೆ ನೆನಿ ಹಾಕಬೇಕು. ಪದರ ಹಂಗ ಬಿಟ್ಟು ಎಷ್ಟು ತುಟ್ಟಿ ಗುಳಿಗಿ ಕರಗಿಸಿದ ನೀರಿನ್ಯಾಗ ಇಟ್ರೂ ಒಳಗಿಂದು ಉಳೀತದ.

ತಂಗಿ ಮಗಳಿಗೆ ಹೇಳಿದ್ದನ್ನ ಇಲ್ಲೂ ಬರೀತೀನಿ. ಬಾಯಿಂದ ತಗದ ಕೂಡಲೇ ತಣ್ಣೀರಿನ್ಯಾಗ ತೊಳಿ, ಒಣಗಿದ್ರ ಬೆಳ್ಳಗ ಕಟ್ಟಿ ಬಿಡ್ತದ. ದಿನಾ ಒಮ್ಮೆ ಮೆತ್ತನ್ನ ಬ್ರಶ್, ಸ್ವಲ್ಪ ಭಾಂಡೆ ತಿಕ್ಕೋ ಸೋಪಿನ ನೀರು ಹಚ್ಚಿ ತಿಕ್ಕಿ ಛಲೋತ್ನಾಗ ತೊಳಿ. ಪೇಸ್ಟ್ ಬ್ಯಾಡ, ಅದರಾಗಿನ ಉಸುಕಿನಂಥಾ ಪುಡಿ ಗೆರಿ ಬೀಳಸ್ತದ, ಆ ಗೆರಿಯೊಳಗ ಹೊಲಸು ಕೂಡ್ತದ. ವಾರಕ್ಕೊಮ್ಮೆ, ಬೆಳ್ಳಗ ಕಟ್ಟಿದ್ರ, ಅರ್ಧಾ ನೀರು ಅರ್ಧಾ ಬಿಳೇ ವಿನೆಗರಿನ್ಯಾಗ ಹದಿನೈದು ಇಪ್ಪತ್ತು ನಿಮಿಷ ಇಟ್ಟು ತಿಕ್ಕಿ ತೊಳಿ. ಗುಳಿಗಿ ಹಾಕೋದಿದ್ರ ಡಾಕ್ಟರನ್ನ ಕೇಳು. ಕೆಲವರೊಳಗಿನ ಪರ್ಸಲ್ಫೇಟ್ ಅನ್ನೋ ರಾಸಾಯನಿಕ ಮೈಗೆ ಆಗಿಬರೋದಿಲ್ಲ ಅಂತ 2008ರಾಗ ಅಮೆರಿಕಾ ಸರಕಾರ ಎಚ್ಚರ ಕೊಟ್ಟದ. ಆ ನೀರು ಬಾಯಿಗೆ ಹೋಗಬಾರದು. ರಿಟೇನರ್ ಇದ್ದಾಗ ಬರೇ ನೀರು ಕುಡಿ, ಚಹಾ ಬ್ಯಾಡ. ಊಟಾ ಆದ ಮ್ಯಾಲೆ ಬಾಯಿ ಮುಕ್ಕಳಿಸಿ ಹಾಕ್ಕೋ, ಇಲ್ಲಂದ್ರ ಸಾರಿನ ಅರಿಶಿಣ ಕೂತು ಹಳದಿ ಆಗ್ತದ. ಅಂಟಿಸಿದ ತಂತಿ ಇದ್ದವರು ಅದರ ಕೆಳಗ ದಾರ ಇಲ್ಲಾ ಸಣ್ಣ ಬ್ರಶ್ ಹಾಕಿ ದಿನಾ ತಗೀಬೇಕು. ನಾಲ್ಕು ದಿನ ಬಿಟ್ಟು ಹಾಕ್ಕೊಂಡಾಗ ಬಿಗಿ ಅನಸಿದ್ರ ಹಲ್ಲು ಸರದಾವ ಅಂತ ತಿಳಿ. ಕೂಡಲೇ ಇಲ್ಲ ಅಂದ್ರ ಜೋರ ಮಾಡಿ ಒತ್ತಬ್ಯಾಡ, ಅವತ್ತ ಡಾಕ್ಟರ್ ಹತ್ರ ಹೋಗು. ಎಷ್ಟ ದಿನಾ ಅಂತ ಕೇಳಿದ್ಯಲ್ಲ, ಹಗಲಿಂದು ಎಷ್ಟ ತಿಂಗಳು ಅಂತ ಡಾಕ್ಟರ್ ಹೇಳ್ತಾರ. ರಾತ್ರಿದು, ಹಲ್ಲು ನೆಟ್ಟಗ ಬೇಕು ಅನ್ನೋ ತನಕಾ.

ಇನ್ನೊಂದು, ಎಲ್ಲಾಕಿಂತ ದೊಡ್ಡದು. ಬಾಯಿ ಇಲ್ಲಾ ಡಬ್ಬಿ, ಮೂರನೇ ಜಾಗಾ ಇಲ್ಲ. ಕಾಗದದಾಗ ಸುತ್ತಬಾರದು.

ಈಗ ಕಡೀಕೆ ಹೇಳ್ತೀನಿ ಅಂದದ್ದು. ಎಲಿ ಕಥಿಯೊಳಗ ಎರಡು ಮಾತು ನಾ ಯಾವತ್ತೂ ಹೇಳಿಲ್ಲ. ಆ ಹುಡುಗಿ ಕಡೆ ಡಬ್ಬಿ ಇತ್ತು. ನೀಲಿ ಡಬ್ಬಿ, ಮನಿಯೊಳಗ ದಿನಾ ತಾಟಿನ ಬಾಜೂ ಇಡ್ತಿದ್ಲು. "ಬಾಯಾಗಿಂದು ತಗದು ಊಟದ ಹತ್ರ ಇಡ್ತಾರೇನು, ಎಂಜಲಾ ಅಲ್ಲೇನು" ಅಂತ ನಮ್ಮ ಅತ್ತಿಯವರು ಅಂತಿದ್ರು. ಅವರ ಮಡಿ ಅವರಿಗೆ. ಆದ್ರ ಲಗ್ನದ ದಿನ, ಬೀಗರ ಮುಂದ ಮಾತು ಬ್ಯಾಡ ಅಂತ ಆ ಡಬ್ಬಿ ಮನಿಯೊಳಗ ಬಿಡಿಸಿದಾಕಿ ನಾನು. ಕಾಗದದಾಗ ಸುತ್ತಿ ಯಾರಿಗೂ ಕಾಣದಂಗ ಇಟ್ಕೋ ಅಂದಾಕಿನೂ ನಾನು.

ಎರಡನೇದ್ದು. ಮರುವಾರ ಡಾಕ್ಟರ್ ಫೋನ್ ಮಾಡಿ ಹೊಸಾದು ಮಾಡಿಸ್ರಿ, ಎರಡು ಸಾವಿರ ಆಗ್ತದ ಅಂದ್ರು. ಲಗ್ನದ ಖರ್ಚಿನ್ಯಾಗ ಕೈ ಬರಿದಾಗಿತ್ತು. ಹುಡುಗಿ ಎರಡು ಸಲ ಕೇಳಿದ್ಲು. "ಹಲ್ಲು ನೆಟ್ಟಗ ಆಗ್ಯಾವಲ್ಲ, ಇನ್ನ್ಯಾಕ ಇದು" ಅಂತ ನಾ ಅಂದೆ. ಎರಡು ಸಾವಿರ ಉಳಿಸಿದೆ. ಆಮ್ಯಾಲೆ ಐದು ವರ್ಷದಾಗ ಹಲ್ಲು ಏರಿದಾಗ, ಕಳದಾಕಿ ನೀನ ಅಂತ ಎಲ್ಲರ ಮುಂದ ನಗೋ ಕಥಿ ಮಾಡಿದೆ. ಆಕಿ ಒಮ್ಮೆಯೂ ನಿಮ್ಮ ಮುಂದ ಎದುರು ಮಾತಾಡಲಿಲ್ಲ. ಹೋದ ವರ್ಷ ಪುಣೆದಾಗ ತನ್ನ ಪಗಾರದಾಗ ಮತ್ತ ಹಲ್ಲು ಸರಿ ಮಾಡಸಲಿಕ್ಕೆ ಹೊಂಟಾಗ ನನಗೊಬ್ಬಾಕಿಗೇ ಅಂದ್ಲು, "ಅಮ್ಮಾ, ಕಳದಾಕಿ ನಾ ಹೌದು. ಇನ್ನೊಂದು ಬ್ಯಾಡ ಅಂದಾಕಿ ನೀನು."

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿ, ನನ್ನ ಮನಿ ಇತಿಹಾಸ ನಾನ ತಪ್ಪು ಬರದಿಟ್ಟಿದ್ದೆ. ಟ್ವೀಡ್ ತನ್ನ ಕೆಟ್ಟ ಕೇಸು ತಾನ ಸಭಾದಾಗ ಇಟ್ಟ ಅಂತ ಓದಿದ ಮ್ಯಾಲೆ ಸುಮ್ಮನ ಇರಲಿಕ್ಕೆ ಆಗಲಿಲ್ಲ. ನನ್ನ ಸಭಾ ಅಂದ್ರ ನೀವ. ಇನ್ನ ಮ್ಯಾಲೆ ಆ ಕಥಿ ಹೇಳೋದಿದ್ರ ಪೂರ್ತಿ ಹೇಳ್ರಿ, ನನ್ನ ಹೆಸರು ಹಚ್ಚಿ. ಆಕಿಗಿಟ್ಟ ಆ ಹೆಸರು ಮಾತ್ರ ಬಿಟ್ಟು ಬಿಡ್ರಿ.

ಪುಣೆಯಾಕಿದು ಈ ಸಲ ಮುಗಿಲಿಕ್ಕೆ ಇನ್ನೂ ಎಂಟು ತಿಂಗಳದ. ಆಮ್ಯಾಲೆ ಆಕಿಗೂ ರಿಟೇನರ್ ಬರ್ತದ. ನಾನು ಎರಡು ನೀಲಿ ಡಬ್ಬಿ ತಂದೀನಿ. ಒಂದು ತಂಗಿ ಮಗಳಿಗೆ ಕಳಿಸ್ದೆ. ಇನ್ನೊಂದು ನಮ್ಮ ಊಟದ ಟೇಬಲ್ ಮ್ಯಾಲೆ, ಉಪ್ಪಿನಕಾಯಿ ಭರಣಿ ಬಾಜೂಕ ಇಟ್ಟೀನಿ. ದೀಪಾವಳಿಗೆ ಬಂದಾಗ ಆಕಿ ನೋಡಲಿ.

ಬರ್ತೀನ್ರಿ. ನಿಮ್ಮ ಮನಿ ಮಕ್ಕಳ ಡಬ್ಬಿ ಎಲ್ಲಿ ಅದ, ಒಮ್ಮೆ ಎದ್ದು ನೋಡಿ ಬರ್ರಿ.